ಮತ್ತೊಮ್ಮೆ ಬೀಸಿದ ಪುಸ್ತಕ

ಬೆಳಗಿನ ಐದೂವರೆ. ಹುಮನಾಬಾದಿನ ಹಳೇ ಬಜಾರದ ಸಂದಿಯಲ್ಲಿ ಚಹದ ಅಂಗಡಿ ಕೂಡ ಇನ್ನೂ ತೆರೆದಿಲ್ಲ. ಆದರೆ ಉಮಾದೇವಿಯವರ ಹಿಟ್ಟಿನ ಗಿರಣಿಯ ಮುಂದೆ ಹನ್ನೊಂದು ಡಬ್ಬಿಗಳು ಆಗಲೇ ಪಾಳಿ ಹಚ್ಚಿ ನಿಂತಿವೆ. ಉಮಾದೇವಿ ಸೆರಗನ್ನು ತಲೆಗೆ ಬಿಗಿದು ಸ್ವಿಚ್ ಹಾಕುತ್ತಾರೆ. ಕಲ್ಲು ಮೊದಲು ಗೊಣಗಿ, ಆಮೇಲೆ ಹದಕ್ಕೆ ಬರುತ್ತದೆ. ಉದುರಿದ ಮೊದಲ ಹಿಟ್ಟನ್ನು ಅವರು ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಾರೆ.

ಪಾಳಿಯಲ್ಲಿ ನಿಂತ ಮಲಿಕಾ ಪಕ್ಕದವರಿಗೆ ಏನೋ ಹೇಳುತ್ತಿದ್ದಾರೆ: "ನಮ್ಮ ಅತ್ತೀಗಿ ಸಿಟ್ಟ ಬಂದ್ರ ಮಾತ ಬಿಡಲ್ಲ, ಪಲ್ಯಾಕ ಉಪ್ಪ ಹಾಕೋದ ಬಿಡ್ತಾಳ." ಎಲ್ಲರೂ ನಗುತ್ತಾರೆ. ಉಮಾದೇವಿ ನಗುತ್ತಲೇ ತುರುಬಿನಲ್ಲಿ ಸಿಕ್ಕಿಸಿದ್ದ ಪೆನ್ನು ಎಳೆದು, ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಆ ಮಾತನ್ನು ಬರೆದಿಟ್ಟುಕೊಳ್ಳುತ್ತಾರೆ.

"ಇಂಥಾವ ದಿನಾ ಎರಡ ಮೂರ ಸಿಗ್ತಾವ್ರಿ. ಬೀಸೋ ಕೂಲಿ ಬ್ಯಾರೆ, ಇದ ನನ್ನ ಮ್ಯಾಲಿನ ಗಳಿಕಿ," ಎನ್ನುತ್ತಾರೆ.

ನಲವತ್ತಾರರ ಉಮಾದೇವಿ ಹುಲಸೂರಿನವರು. ಓದಿದ್ದು ಏಳನೇ ಇಯತ್ತೆ. ಮದುವೆಯಾಗಿ ಗಿರಣಿಯ ಮನೆಗೆ ಬಂದ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಗಂಡ ಮಹಾರುದ್ರಪ್ಪನವರಿಗೆ ಹಿಟ್ಟಿನ ಧೂಳು ಎದೆಗೆ ಆಗಿಬರಲಿಲ್ಲ. ದಮ್ಮು ಶುರುವಾದಾಗ, "ಸವದ ಕಲ್ಲ ಕುಟ್ಟಿ ಚೂಪ ಮಾಡೋದ ನೀವ ನೋಡ್ರಿ, ತಿರುಗಸೋದ ನಾ ನೋಡ್ತೀನಿ," ಎಂದು ಯಂತ್ರದ ಮುಂದೆ ಉಮಾದೇವಿ ತಾವೇ ನಿಂತರು. ಹದಿನಾಲ್ಕು ವರ್ಷದಿಂದ ನಿಂತೇ ಇದ್ದಾರೆ. ದಿನಕ್ಕೆ ಎಂಬತ್ತು ಡಬ್ಬಿ, ದಸರೆ-ದೀಪಾವಳಿಗೆ ನೂರಿಪ್ಪತ್ತು. ಗದ್ದಲಕ್ಕೆ ಎಡಗಿವಿ ಮಂದವಾಗಿದೆ. ಕರೆಂಟು ಹೋದಾಗ ಕಾಯುವ ಹೆಂಗಸರನ್ನು ಹಿಡಿದಿಡಲು ಕತೆ ಹೇಳುವುದು ರೂಢಿಯಾಯಿತು. ಆ ಹೆಂಗಸರದೇ ಕತೆ, ಒಂದಿಷ್ಟು ಉಪ್ಪು-ಖಾರ ಹಚ್ಚಿ.

ಅಂಥ ಒಂದು ದಿನ ಗೋಧಿ ತಂದಿದ್ದವರು ಸ್ನೇಹಲ್, ಇದೇ ಊರಿನಲ್ಲಿದ್ದು ಬಸವಕಲ್ಯಾಣಕ್ಕೆ ಹೋಗಿಬರುವ ಹೈಸ್ಕೂಲ್ ಶಿಕ್ಷಕಿ. ಕರೆಂಟು ಬಂದರೂ ಅವರು ಹೋಗಲಿಲ್ಲ, ಕತೆ ಮುಗಿಯುವವರೆಗೆ ನಿಂತರು. "ಇದನ್ನ ಬರೀರಿ ಉಮಾಬಾಯಿ, ಗಾಳಿಗೆ ಹೋಗಬಾರ್ದು," ಎಂದರು. ಉಮಾದೇವಿ ಎರಡು ವರ್ಷದಲ್ಲಿ ಹದಿನೇಳು ಕತೆ ಬರೆದರು. ಸ್ನೇಹಲ್ ಇಬ್ಬರು ಪ್ರಕಾಶಕರಿಗೆ ಕಳಿಸಿದರು. ಒಬ್ಬರಿಂದ ಉತ್ತರವಿಲ್ಲ. ಇನ್ನೊಬ್ಬರು ಕತೆ ಚೆನ್ನಾಗಿದೆ, ಭಾಷೆಯನ್ನು ಗ್ರಾಂಥಿಕಕ್ಕೆ ತಿರುಗಿಸಿ ಕೊಡಿ ಎಂದು ಬರೆದರು.

"ತಿರುಗಸಾಕ ಅದೇನ ರೊಟ್ಟಿ ಏನ್ರಿ?" ಎಂದು ಉಮಾದೇವಿ ಈಗಲೂ ಕೇಳುತ್ತಾರೆ.

ಆಗ ಸ್ನೇಹಲ್ ಹೇಳಿದ್ದು ಕ್ರೌಡ್‌ಫಂಡಿಂಗ್ ವಿಷಯ. ಓದುವವರೇ ಮೊದಲು ಪ್ರತಿಗೆ ದುಡ್ಡು ಕೊಡುವುದು, ಆಮೇಲೆ ಪುಸ್ತಕ ಅಚ್ಚಾಗುವುದು. ಉಮಾದೇವಿಗೆ ಅದು ಹೊಸದೆನಿಸಲಿಲ್ಲ. ಓಣಿಯ ಹೆಂಗಸರು ಪಟ್ಟಿ ಎತ್ತಿ, ತಲಾ ಇಷ್ಟೆಂದು ದುಡ್ಡು ಕೂಡಿಸಿ ದೊಡ್ಡ ಪಾತ್ರೆ ಕೊಂಡದ್ದು, ಒಬ್ಬರ ಮನೆಯ ಮದುವೆಯಿಂದ ಇನ್ನೊಬ್ಬರ ಮನೆಯ ಮದುವೆಗೆ ಅದು ತಿರುಗುವುದು ಅವರಿಗೆ ಗೊತ್ತು. ಗಿರಣಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿತು: ಪುಸ್ತಕದ ಹೆಸರು 'ಡಬ್ಬಿ ಸಾಲು', ಪ್ರತಿಗೆ ನೂರೈವತ್ತು, ಮುನ್ನೂರು ಹೆಸರು ಬೇಕು. ಸ್ನೇಹಲ್ ಅದನ್ನೇ ಮೊಬೈಲಿನಲ್ಲಿ ಹಾಕಿದರು. ಸೊಲ್ಲಾಪುರ, ಪುಣೆ, ಹೈದರಾಬಾದಿನಲ್ಲಿ ನೆಲೆಸಿದ ಈ ಕಡೆಯ ಮಂದಿ ಹೆಸರು ಹಚ್ಚಿದರು. ಮನ್ನಾಏಖೇಳ್ಳಿಯ ಲಾರಿ ಡ್ರೈವರ್ ಜಲಾಲುದ್ದೀನ್ ಒಬ್ಬರೇ ಹೈವೇಯ ಧಾಬಾಗಳಿಂದ ಇಪ್ಪತ್ತಾರು ಹೆಸರು ತಂದರು.

ಬೇಸಿಗೆಯಲ್ಲಿ ಕುರಿ ಹಿಂಡಿನೊಂದಿಗೆ ಹುಮನಾಬಾದಿನ ಹೊಲಗಳಲ್ಲಿ ತಂಗುವ ಕೊಡಂಬಲದ ಧೂಳಮ್ಮ ಕೂಡ ಹೆಸರು ಹಚ್ಚಿದರು. ಪುಸ್ತಕದ ಮೊದಲ ಕತೆ ಅವರದೇ. ಮರಿ ಕಚ್ಚಿಕೊಂಡು ಓಡಿದ ತೋಳವನ್ನು ಬೈಯುತ್ತಾ ಅಟ್ಟಿಸಿಕೊಂಡು ಹೋದ ಕತೆ. "ನಿನಗ ಓದಾಕ ಬರಲ್ಲಲಾ?" ಎಂದು ಯಾರೋ ಕೇಳಿದಾಗ ಧೂಳಮ್ಮ, "ನನಗ ಬರಲ್ಲ ಖರೇ, ಬರೋರು ಮನೀಗಿ ಬರ್ತಾರಲಾ," ಅಂದರು.

ಎಪ್ಪತ್ತೊಂದು ದಿನಕ್ಕೆ ಮುನ್ನೂರು ತುಂಬಿತು.

ಪುಸ್ತಕ ಬಂದದ್ದು ಯುಗಾದಿಯ ಮರುದಿನ. ಗಿರಣಿಯ ಮುಂದೆ ಚಾಪೆ ಹಾಸಿ, ಸುಮಾರು ಅರವತ್ತು ಜನ ಕುಳಿತರು. ಸ್ನೇಹಲ್ ಕಟ್ಟು ಬಿಚ್ಚಿ ಧೂಳಮ್ಮನ ಕತೆ ಓದತೊಡಗಿದರು. ಉಮಾದೇವಿ ಬರೆದದ್ದು: "ಏ ಮೂಳಾ, ನನ್ನ ಮರಿ ಬಿಡ್ತಿಯೋ, ಕೊಡ್ಲಿ ಏಟ ತಿಂತಿಯೋ?" ಅಚ್ಚಾದದ್ದು: "ಎಲೈ ತೋಳವೇ, ನನ್ನ ಮರಿಯನ್ನು ಕೂಡಲೇ ಹಿಂದಿರುಗಿಸು."

ಸ್ನೇಹಲ್ ಓದುವುದನ್ನು ನಿಲ್ಲಿಸಿದರು. ಉಮಾದೇವಿ ನೋಡಿದ ಕರಡಿನಲ್ಲಿ ಎಲ್ಲ ಸರಿಯಿತ್ತು. ಆಮೇಲೆ ಮುದ್ರಣಾಲಯದಲ್ಲಿ ಕರಡು ತಿದ್ದುವವರೊಬ್ಬರು, ಇವರಿಗೆ ಉಪಕಾರವಾಗಲಿ ಎಂದು, ಹದಿನೇಳೂ ಕತೆಗಳ ಮಾತನ್ನು 'ಶುದ್ಧ' ಮಾಡಿಬಿಟ್ಟಿದ್ದರು.

ಮೊದಲು ಬಾಯಿ ಹಾಕಿದವರು ಧೂಳಮ್ಮ. "ಇದ್ಯಾರ ಮಾತ? ತ್ವಾಳದ ಮುಂದ ಹಿಂಗ ಮಾತಾಡಿದ್ರ, ಅದು ನಕ್ಕೋತ ಬಂದು ಇನ್ನೊಂದ ಮರಿ ಒಯ್ತದ!"

ಚಾಪೆಯ ತುಂಬ ನಗು. ಉಮಾದೇವಿ ಮಾತ್ರ ಒಳಗೆ ಹೋಗಿ, ನಿಂತ ಯಂತ್ರಕ್ಕೆ ಒರಗಿ ಅತ್ತರು. ಮುನ್ನೂರು ಮಂದಿ ನಂಬಿ ಕೊಟ್ಟದ್ದು ಹೋಯಿತು ಎಂಬ ಸಂಕಟ. ಹೊರಗೆ ಬಂದು ಕೈ ಮುಗಿದರು: "ಯಾರಿಗಿ ರೊಕ್ಕ ವಾಪಸ್ ಬೇಕೋ ಹೇಳ್ರಿ, ಜರಾ ಟೈಮ್ ಕೊಡ್ರಿ, ಕೊಡ್ತೀನಿ."

ಯಾರೂ ಕೈ ಎತ್ತಲಿಲ್ಲ. ಧೂಳಮ್ಮ ಎದ್ದು ನಿಂತರು. "ಹಿಟ್ಟ ದಪ್ಪ ಬಿದ್ರ ಏನ ಮಾಡ್ತಿ? ಮತ್ತೊಮ್ಮಿ ಬೀಸಿ ಕೊಡ್ತಿ. ಇದನ್ನೂ ಮತ್ತೊಮ್ಮಿ ಬೀಸು. ನಾವೇನ ಓಡಿ ಹೋಗಾಕತ್ತೇವಾ?"

ಮುದ್ರಣಾಲಯದ ಮಾಲೀಕರು ತಪ್ಪು ಒಪ್ಪಿ, ಕಾಗದದ ಖರ್ಚು ಕೊಟ್ಟರೆ ಸಾಕು ಎಂದರು. ಅದನ್ನು ಓದುಗರೇ ಹಂಚಿಕೊಂಡರು. ಈ ಸಲ ಕರಡು ತಿದ್ದಿದ್ದು ಗಿರಣಿಯ ಪಾಳಿ. ಆರು ಮುಂಜಾವು ಸ್ನೇಹಲ್ ಜೋರಾಗಿ ಓದಿದರು, ಹೆಂಗಸರು ಡಬ್ಬಿಯ ಮೇಲೆ ಕೈಯಿಟ್ಟು ಕೇಳಿದರು. "ಹಾಂಗಲ್ಲ, 'ಹೊಂಟಾಳ' ಅನ್ರಿ," ಎಂದು ಒಬ್ಬರು ತಡೆದರೆ, "ನಮ್ಮ ಕಡಿ 'ನಡದಾಳ' ಅಂತೀವಿ," ಎಂದು ಇನ್ನೊಬ್ಬರ ತಕರಾರು. ಮೇ ತಿಂಗಳಲ್ಲಿ ಸರಿಯಾದ 'ಡಬ್ಬಿ ಸಾಲು' ಬಂತು. ಗಲಾಟೆಯ ಸುದ್ದಿ ಹಬ್ಬಿ, ಮುನ್ನೂರಕ್ಕೆ ಬದಲು ಐನೂರ ನಲವತ್ತು ಪ್ರತಿ ಅಚ್ಚಾದವು.

ತಪ್ಪು ಪ್ರತಿಗಳು ರದ್ದಿಗೆ ಹೋದವು. ಒಂದನ್ನು ಮಾತ್ರ ಮಹಾರುದ್ರಪ್ಪ ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟಿದ್ದಾರೆ. "ನಮ್ಮಾಕಿ ಶುದ್ಧ ಕನ್ನಡ ಮಾತಾಡಿದ್ದ ಇದೊಂದೇ ಸಲರಿ," ಎಂದು ಅವರು ಕಣ್ಣು ಮಿಟುಕಿಸುತ್ತಾರೆ.

ಆ ಹೆಸರಿನ ಪಟ್ಟಿ ಈಗ ಓದುಗರ ಬಳಗವಾಗಿದೆ. ತಿಂಗಳಿಗೊಮ್ಮೆ, ಒಂದು ಸಲ ಹುಮನಾಬಾದಿನಲ್ಲಿ, ಇನ್ನೊಂದು ಸಲ ಬಸವಕಲ್ಯಾಣದಲ್ಲಿ ಕೂಡುತ್ತಾರೆ. ಜಲಾಲುದ್ದೀನ್ ತಮ್ಮ ರಸ್ತೆಯ ಅನುಭವ ಬರೆದು ಮುಗಿಸಿದ್ದಾರೆ. ಅದಕ್ಕೆ ನೂರಾ ಎಂಬತ್ತು ಹೆಸರು ಬಿದ್ದಿವೆ, ಪಟ್ಟಿಯಲ್ಲಿ ಉಮಾದೇವಿಯದೇ ಮೊದಲ ಹೆಸರು.

ಇಷ್ಟಾದರೂ ಉಮಾದೇವಿಯನ್ನು ಊರು ಕರೆಯುವುದು 'ಗಿರಣಿ ಬಾಯಿ' ಎಂದೇ. ಬೇಸರವಿಲ್ಲವೇ ಎಂದರೆ ಅವರು ಹೋದ ವಾರದ ಸಂಗತಿ ಹೇಳುತ್ತಾರೆ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು 'ಡಬ್ಬಿ ಸಾಲು' ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದಳು. ಬಸವಕಲ್ಯಾಣದ ಬಸ್ಸು ಬಂತು, ಹೋಯಿತು. ಆಕೆ ತಲೆ ಎತ್ತಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ಉಮಾದೇವಿಯೂ ತಮ್ಮ ಬಸ್ಸು ಬಿಟ್ಟರು.

ಬರೆದವಳು ನಾನೇ ಎಂದು ನೀವು ಆಕೆಗೆ ಹೇಳಲಿಲ್ಲವೇ?

ಉಮಾದೇವಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಾರೆ. "ಹ್ಯಾಂಗ ಹೇಳ್ಲಿರಿ? ಹೇಳಿದ್ರ ಓದೋದ ಬಿಟ್ಟು ನನ್ನ ನೋಡ್ಕೋತ ಕೂಡ್ತಿದ್ಳಲಾ."