ಕುರಿಯ ಮಗ್ಗುಲಿಗೆ ಕಟ್ಟಿದ ಎಮ್ಮೆ

ರನ್ನ ಬೆಳಗಲಿಯ ಶಿವವ್ವ ಎಮ್ಮೆ ಸಾಕುವುದರಲ್ಲಿ ಗಟ್ಟಿಗಿತ್ತಿ. ಹೊಟ್ಟೆಕಿಚ್ಚಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ಮೈದುನ ಬೇರೆಯಾದಾಗ ಹಟ ಹಿಡಿದು ಎರಡೂ ಎಮ್ಮೆ ತಾನೇ ಇಟ್ಟುಕೊಂಡಳು. ಕುರಿಗಳು ನೆಗೆಣ್ಣಿ ವೈಶಾಲಿಗೆ ಹೋದವು. ಆದರೆ ಆ ಕುರಿಗಳು ಮರಿ ಹಾಕಿ ಹಾಕಿ ಅಂಗಳ ತುಂಬಿ, ವೈಶಾಲಿ ಅವಕ್ಕೆಂದು ತಗಡಿನ ಶೆಡ್ಡು ಹಾಕಿಸಿದ ದಿನ ಶಿವವ್ವನಿಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

“ಜಾಗಾ ಇಬ್ಬರದೂ ಐತಿ. ಅರ್ಧಾ ಶೆಡ್ಡು ನನಗ ಬೇಕು,” ಎಂದು ಜಗಳ ತೆಗೆದಳು.

“ಎಮ್ಮಿ ತಂದು ಕಟ್ಟ್ರಿ ಅಕ್ಕಾ, ಅದಕ್ಕೇನ,” ಎಂದಳು ವೈಶಾಲಿ. ಅಷ್ಟು ಸುಲಭವಾಗಿ ಒಪ್ಪಿದ್ದೂ ಶಿವವ್ವನಿಗೆ ಸೇರಲಿಲ್ಲ. ಎಮ್ಮೆಗಳನ್ನು ತಂದು ಕುರಿಗಳ ಮಗ್ಗುಲಿಗೇ ಕಟ್ಟಿದಳು.

ಕೆಲವು ತಿಂಗಳಲ್ಲಿ ಹಿರಿಯ ಎಮ್ಮೆಗೆ ಜ್ವರ ಬಂತು. ಮೂಗು ಸೋರಿ ಹಕ್ಕಳೆಗಟ್ಟಿತು, ಕಣ್ಣು ಬೆಳ್ಳಗಾದವು. “ಅಕಿ ಕಣ್ಣ ಬಿದ್ದೈತಿ,” ಎಂದು ಶಿವವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಮ್ಮೆ ಉಳಿಯಲಿಲ್ಲ. ಇನ್ನಿದ್ದದ್ದು ಗಬ್ಬದ ಕಿರಿ ಎಮ್ಮೆ ಒಂದೇ. ಅದೂ ಹೋದರೆ ಅವಳ ಕೈ ಬರಿದು.

ಹಿರಿಯದು ಸಾಯುವ ಮೊದಲೇ ಮುಧೋಳದ ದನದ ಡಾಕ್ಟರು ಎರಡೂ ಎಮ್ಮೆಗಳ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ತಿಳಿದ ಮೇಲೆ ಶೆಡ್ಡಿಗೆ ಬಂದು ಹೇಳಿದರು: “ಯವ್ವಾ, ಇದು ಕಣ್ಣಲ್ಲ. ಹರ್ಪಿಸ್ ಜಾತಿ ವೈರಸ್. ಕುರಿ ಮೈಯಾಗ ಸಾಯೂತನಕ ಸುಮ್ಮನ ಕುಂತಿರತೈತಿ, ಕುರಿಗೆ ಏನೂ ಮಾಡಂಗಿಲ್ಲ. ಎಮ್ಮಿಗೆ ಹತ್ತಿದ್ರ ರಕ್ತನಾಳದ ಒಳಪದರಾನ ಕೆಡಿಸಿಬಿಡತೈತಿ. ಔಷಧ ಇಲ್ಲ. ಕಿರಿದಕ್ಕ ಇನ್ನೂ ಹತ್ತಿಲ್ಲ. ಉಳಿಸ್ಕೋಬೇಕಂದ್ರ ಕುರಿಯಿಂದ ದೂರ ಕಟ್ಟ್ರಿ.”

ಶಿವವ್ವ ಮಗ್ಗುಲಲ್ಲಿದ್ದ ಕುರಿಗಳನ್ನು ನೋಡಿದಳು. ಎಮ್ಮೆಗಳನ್ನು ತಾನೇ ಜಗಳವಾಡಿ ತಂದು ಕಟ್ಟಿದ್ದು. ಆದರೂ ಬಾಯಿ ಸುಮ್ಮನಿರಬೇಕಲ್ಲ!

“ನೋಡ್ರಿ ಸಾಹೇಬ್ರ, ರೋಗಕ್ಕೂ ಅಕಿ ಕುರಿ ಮ್ಯಾಲ ಅಕ್ಕರತಿ. ನನ್ನ ಎಮ್ಮೀನ ಅಷ್ಟ ತಿಂತೈತಿ!”

ಡಾಕ್ಟರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈಶಾಲಿ ಮಾತ್ರ ಕುರಿಗಳನ್ನೆಲ್ಲ ಹೊಲಕ್ಕೆ ಹೊಡೆದುಕೊಂಡು ಹೋದಳು. ತಿರುಗಿ ಬಂದು ಶೆಡ್ಡು ಗುಡಿಸಿ ತೊಳೆದಳು. “ಇನ್ನ ಇದು ಪೂರಾ ನಿಮಗಿರಲಿ, ಅಕ್ಕಾ,” ಎಂದಳು. ನೆಗೆಣ್ಣಿ ಎಂದರೆ ಹೀಗಿರಬೇಕು ಎಂದು ಓಣಿಯ ಹೆಂಗಸರೆಲ್ಲ ಶಿವವ್ವನ ಎದುರಿಗೇ ಹೊಗಳಿದರು.

ಶಿವವ್ವ ಕಿರಿ ಎಮ್ಮೆಯ ಕೊರಳು ತಬ್ಬಿ ಅಳತೊಡಗಿದಳು.

“ಸತ್ತ ಎಮ್ಮಿ ಸಲುವಾಗಿ ಎಷ್ಟಂತ ಅಳತೀರಿ ಅಕ್ಕಾ,” ಎಂದು ವೈಶಾಲಿ ಬೆನ್ನು ಸವರಿದಳು.

“ಎಮ್ಮಿ ಸಲುವಾಗಿ ಅಲ್ಲಬೇ,” ಎಂದಳು ಶಿವವ್ವ. “ಶೆಡ್ಡು ಕೇಳಿದೆ, ಕೊಟ್ಟಿ. ಒಳ್ಳೇಕಿ ಅನ್ನೂ ಹೆಸರು ನಿನಗ ಉಳೀತು. ಅದನ್ನ ಹೆಂಗ ಕೇಳಲಿ?”