ಮಿರಗದ ಹುಳು ಕಂಡ ದಿನದ ಕೂಗು

ಮುಂಡಗೋಡದ ಕಡೆಯ ನಮ್ಮ ಹಳ್ಳಿಯಲ್ಲಿ ಮಿರಗದ ಹುಳು ಮೊದಲು ಕಂಡವರು ಬದುವಿನ ಮೇಲೆ ನಿಂತು ಕೂಗಬೇಕಿತ್ತು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆಗೆ ನೆಲದಿಂದ ಏಳುವ, ಮಖಮಲ್ಲಿನಂಥ ಕೆಂಪು ಹುಳು ಅದು. ಅದಕ್ಕೆ ಅರಿಸಿನ ಕುಂಕುಮ ಹಾಕಿ ಮಣ್ಣಿಗೇ ಬಿಟ್ಟು, ಅವತ್ತೇ ಎಲ್ಲರೂ ಕೂಡಿ ಕೂರಿಗೆಯಿಂದ ಭತ್ತ ಬಿತ್ತುವುದು ರೂಢಿ.

ನಮ್ಮ ಮನೆಯವರು ದಾಂಡೇಲಿಯ ಮಿಲ್ಲಿನಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ಬಂದರೆ ಬಂದರು. ಮಕ್ಕಳಾಗಲಿಲ್ಲ. ವರ್ಷದಲ್ಲಿ ನನ್ನ ಅಂಗಳ ತುಂಬುತ್ತಿದ್ದುದು ಆ ಒಂದು ದಿನ. ನನ್ನದೊಂದು ಎತ್ತು, ಬದುವಿನಾಚೆಯ ಹೊಲದ ನೆರೆಯ ಅಕ್ಕನದೊಂದು ಎತ್ತು ಜೋಡಿಯಾಗುತ್ತಿದ್ದವು. ಬಿತ್ತಲು ಬಂದವರಿಗೆಲ್ಲ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನೋಯಲಿ ಬಿಡಿ, ಮನೆಯಲ್ಲಿ ಮಾತಿರುತ್ತಿತ್ತಲ್ಲ!

ತೊಂಬತ್ತರ ದಶಕದ ಕೊನೆಗೆ ಮಳೆಯ ಲೆಕ್ಕವೇ ತಪ್ಪಿತು. ಒಂದು ವರ್ಷ ಬೇಸಿಗೆ ಮುಗಿಯುವ ಮೊದಲೇ ಧೋ ಎಂದು ಸುರಿಯಿತು, ಹುಳುಗಳೂ ಎದ್ದವು. ಅಕ್ಕ ಕೂಗಿದಳು. ನಾವೆಲ್ಲ ಬಿತ್ತಿದೆವು. ಮೊಳಕೆ ಎದ್ದ ಮೇಲೆ ಮಳೆ ಹೋದದ್ದು ಹೋಯಿತು. ಪೈರೆಲ್ಲ ಕಣ್ಣೆದುರೇ ಸುಟ್ಟುಹೋಯಿತು.

"ಹುಳಕ್ಕ ತಿಳೀಲಿಲ್ಲ ತಂಗೀ, ನಮಗೇನ ತಿಳೀತೈತಿ?" ಎಂದಳು ಅಕ್ಕ.

ಮರುವರ್ಷ ಅವಳು ಗೋವಿನಜೋಳ, ಅದೇ ಮೆಕ್ಕೆಜೋಳ, ಹಾಕಿದಳು. ಅದಕ್ಕೆ ಭತ್ತದಷ್ಟು ನೀರು ಬೇಡ. ಟಿಬೆಟನ್ ಕಾಲೊನಿಯವರು ಮೊದಲಿಂದಲೂ ಬೆಳೆಯುತ್ತಿದ್ದರು, ಕೊಳ್ಳುವವರ ಲಾರಿ ಹೊಲದವರೆಗೂ ಬರುತ್ತಿತ್ತು. ಅಕ್ಕನ ಎತ್ತು ಹೋಗಿ ಬಾಡಿಗೆ ಟ್ರ್ಯಾಕ್ಟರ್ ಬಂತು. ಒಬ್ಬೊಬ್ಬರಾಗಿ ಊರೇ ಆ ಕಡೆ ಹೊರಳಿತು. ತಪ್ಪೇನು, ಹೊಟ್ಟೆ ಕೇಳಬೇಕಲ್ಲ.

ನನಗೆ ಮನಸ್ಸು ಬರಲಿಲ್ಲ. ನನ್ನದು ಹಳಿಯಾಳದ ತವರಿಂದ ತಂದ ಕೆಂಪು ಭತ್ತ. ತವರಿನಲ್ಲೂ ಅದನ್ನು ಆಗಲೇ ಬಿಟ್ಟಿದ್ದರು. ನಾನೂ ಬಿಟ್ಟರೆ ಆ ಬೀಜ ಮುಗಿದಂತೆಯೇ. ಹಾಗಾಗಿ ಅರ್ಧ ಬಿತ್ತಿ, ಇನ್ನರ್ಧಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡಲು ಕಲಿತೆ. ಮಳೆ ಮೋಸ ಮಾಡಿದರೆ ಮತ್ತೊಮ್ಮೆ ಬಿತ್ತಬಹುದಿತ್ತು. ಸುತ್ತೆಲ್ಲ ಗೋವಿನಜೋಳ, ನಡುವೆ ನನ್ನದೊಂದೇ ಭತ್ತ. ಕಾಳು ಕಟ್ಟಿದಾಗ ಊರಿನ ಗುಬ್ಬಿ, ಗಿಳಿ ಎಲ್ಲವೂ ನನ್ನ ಹೊಲಕ್ಕೇ ಬೀಳುತ್ತಿದ್ದವು. "ಹಾಳಾಗಿ ಹೋಗ್ರಿ!" ಎಂದು ಡಬ್ಬಿ ಬಡಿಯುತ್ತಿದ್ದೆ. ಪಾಪ, ಅವಾದರೂ ಎಲ್ಲಿಗೆ ಹೋಗಬೇಕು?

"ಸಾಕ್ ಮಾಡ, ದಾಂಡೇಲಿಗೆ ಬಾ," ಎನ್ನುತ್ತಿದ್ದರು ಮನೆಯವರು.

"ಬರ್ತೇನಿ, ಇದೊಂದ ಸುಗ್ಗಿ ಆಗ್ಲಿ," ಎನ್ನುತ್ತಿದ್ದೆ.

ಮುಂದೊಂದು ವರ್ಷ ಮಳೆ ಬಹಳ ತಡವಾಯಿತು. ಕೊನೆಗೂ ಒಂದು ಬೆಳಿಗ್ಗೆ ಬದುವಿನ ಬುಡದಲ್ಲಿ ಒಂದೇ ಒಂದು ಹುಳು ಕಂಡಿತು. ಹೋದ ಜೀವ ಬಂದಂತಾಯಿತು. ಬದು ಹತ್ತಿ ಗಂಟಲು ಹರಿಯುವಂತೆ ಕೂಗಿದೆ: "ಮಿರಗದ ಹುಳಾ ಬಂತ್, ಬರ್ರೀ!"

ಒಲೆ ಹಚ್ಚಿ ಮೊದಲಿನಂತೆಯೇ ರಾಶಿ ರೊಟ್ಟಿ ಬಡಿದೆ, ಹುಚ್ಚಿ. ಯಾರೂ ಬರಲಿಲ್ಲ. ಒಂಟಿ ಎತ್ತಿನಿಂದ ಕೂರಿಗೆ ಹೂಡಲಾಗದು. ಕೈಯಿಂದಲೇ ಸಾಲು ಕೆದರಿ ಬಿತ್ತಿದೆ.

ಸಂಜೆ ಅಕ್ಕ ಬಂದು ಬದುವಿನ ಮೇಲೆ ಕುಳಿತಳು. ನನ್ನ ಡೊಂಕು ಸಾಲುಗಳನ್ನು ನೋಡಿದಳು.

"ನೀ ಕೂಗಿದ್ದು ಕೇಳಿಸ್ತು ತಂಗೀ. ಬಂದ್ ಬಿತ್ತೂಣು ಅಂದ್ರ, ನನ್ನ ಹತ್ರ ಬೀಜ ಎಲ್ಲಿ ಐತಿ?"

ಮನೆಯೊಳಗೆ ಓಡಿ ಬೀಜದ ಗಡಿಗೆಯನ್ನೇ ತಂದು ಅವಳ ಮುಂದಿಟ್ಟೆ. ಒಂದು ಹಿಡಿ ತೆಗೆದುಕೊಳ್ಳಲಿ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಅಕ್ಕ ಕೈ ಹಾಕಿ ಕಾಳನ್ನು ಬೆರಳ ಸಂದಿಯಿಂದ ಮೆಲ್ಲಗೆ ಒಳಗೇ ಬಿಟ್ಟಳು.

"ನಿನ್ನ ಹತ್ರನ ಇರ್ಲಿ," ಎಂದು ಎದ್ದು ಹೋದಳು.

ಮರುವರ್ಷವೂ ಹುಳು ಕಂಡಿತು. ಕುಂಕುಮ ಹಾಕಿ ಮಣ್ಣಿಗೆ ಬಿಟ್ಟೆ. ಅರ್ಧ ಬೀಜ ತೆಗೆದುಕೊಂಡು ಹೊಲಕ್ಕಿಳಿದೆ. ಕೂಗಲಿಲ್ಲ.