ಛಾವಣಿ ಹತ್ತಿದ ಲೆಕ್ಕದಕ್ಕ

ಕಟ್ಟಡ ವಿನ್ಯಾಸದ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಈಗ ಸಮ್ಮಿಶ್ರ ಸಂಖ್ಯೆಗಳ ಸೂತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು, ಒಣಹಾಕಿದ ಬಟ್ಟೆ ಗಾಳಿಗೆ ಉಬ್ಬಿದಂಥ ಛಾವಣಿಗಳನ್ನು ರೂಪಿಸುತ್ತಿದ್ದಳು. ಸೂತ್ರದಲ್ಲಿ ಒಂದು ಅಂಕಿ ಬದಲಾದರೆ ಪರದೆಯ ಮೇಲೆ ಇಡೀ ಛಾವಣಿ ಮಗ್ಗುಲು ಬದಲಿಸುತ್ತಿತ್ತು.

ಆದರೆ ಎತ್ತರವೆಂದರೆ ಅವಳಿಗೆ ಪ್ರಾಣಭಯ.

"ಆಕಾಶಕ್ಕೆ ಛಾವಣಿ ಹಾಸ್ತೀಯ, ಅಟ್ಟದಿಂದ ಪಾತ್ರೆ ಇಳಿಸೋಕೆ ಮಾತ್ರ ನಾನೇ ಬೇಕು" ಎಂದು ಗಂಡ ರೇಗಿಸುತ್ತಿದ್ದ.

ಅವಳೇ ರೂಪಿಸಿದ ಈಜುಕೊಳದ ಛಾವಣಿಗೆ ತಗಡು ಹೊದಿಸುವಾಗ ಒಂದು ಕಡೆ ಅಂಚು ಕೂಡಲಿಲ್ಲ. ಬಂದು ನೋಡಿ ಎಂದು ಮೇಸ್ತ್ರಿ ಹೇಳಿಕಳಿಸಿದ. ಆಗುವುದಿಲ್ಲ ಎನ್ನಲು ನಾಚಿಕೆಯಾಗಿ, ಸೊಂಟಪಟ್ಟಿಗೆ ಕಾವಲು ಹಗ್ಗದ ಕೊಂಡಿ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಏಣಿ ಹತ್ತಿದಳು. ಎರಡು ತಗಡು ಅದಲುಬದಲಾಗಿದ್ದವು, ಅಷ್ಟೇ. ಇನ್ನೂ ಮುಂದಿನ ತಗಡುಗಳನ್ನು ನೋಡಲು ಆ ಹಗ್ಗ ಸಾಲದೆ, ಮೇಸ್ತ್ರಿ ಅವಳ ಕೊಂಡಿ ಬಿಚ್ಚಿ ಉದ್ದದ ಹಗ್ಗ ತರಲು ಹೋದ.

"ಅಲ್ಲಾಡಬೇಡಿ ಅಕ್ಕ, ಈಗ ಬಂದೆ."

ಅವಳು ಕೆಳಗೆ ನೋಡಿಬಿಟ್ಟಳು. ಚಪ್ಪಲಿ ಜರ್ರನೆ ಜಾರಿತು. ಬೋರಲು ಬಿದ್ದು ತಗಡಿಗೆ ಅಂಟಿಕೊಂಡಳು. ಎತ್ತ ತಿರುಗಿದರೂ ಇಳಿಜಾರು, ಎಲ್ಲ ಅವಳೇ ಬರೆದದ್ದು. ಆ ಸೂತ್ರದಲ್ಲಿ ಶಿಖರವೂ ಇಲ್ಲ, ಗುಂಡಿಯೂ ಇಲ್ಲ. ಒಂದು ಕಡೆ ಮಾತ್ರ, ಕುದುರೆಯ ಜೀನಿನ ನಡುಭಾಗದಂತೆ, ಮೇಲ್ಮೈ ಸಮತಟ್ಟಾಗುತ್ತದೆ. ಅದು ಎಡಕ್ಕೆ, ಹತ್ತಿರವೇ ಇತ್ತು. ಅವಳು ಅತ್ತ ತೆವಳಿದಳು.

"ಎಲ್ಲಿಗಕ್ಕಾ?" ಮೇಸ್ತ್ರಿ ಕೂಗಿದ.

"ಇಲ್ಲಿ ಮಟ್ಟಸ ಇದೆ!"

ಇತ್ತು, ಅಂಗೈಯಗಲ. ಅದರ ಎರಡೂ ಬದಿಗೆ ಕಾಲು ಚಾಚಿ ಕುಳಿತು ತಗಡಿನ ಅಂಚನ್ನು ಹಿಡಿದುಕೊಂಡಳು. ಮೇಸ್ತ್ರಿ ಬಂದು ಕೊಂಡಿ ಸಿಕ್ಕಿಸಿದ.

"ಇದನ್ನ ಮುಂದೆ ತೊಳೆಯೋರು ಯಾರು?" ಎಂದಳು.

"ಯಾರೋ ಬರ್ತಾರೆ ಬಿಡಿ."

ಜಾರಿದ್ದಕ್ಕಿಂತ ಆ ಮಾತಿಗೆ ಅವಳು ಹೆಚ್ಚು ಹೆದರಿದಳು. ಮನೆಯಲ್ಲಿ ಊಟ ಸೇರಲಿಲ್ಲ. ಗಂಡ ರೇಗಿಸಲಿಲ್ಲ, ಅವಳ ತಟ್ಟೆ ಮುಚ್ಚಿಟ್ಟು ಪಕ್ಕದಲ್ಲಿ ಕುಳಿತ.

ಛಾವಣಿಯುದ್ದಕ್ಕೂ ಕಾಲಿಡಲು ಪಟ್ಟಿ, ಹಗ್ಗ ಕಟ್ಟಲು ಕೊಂಡಿಗಳು ಬೇಕೆಂದು ಅವಳು ಹಟ ಹಿಡಿದಳು. ಹರಿವಿನ ಅಂದವೇ ಕೆಡುತ್ತದೆ ಎಂದು ಮುಖ್ಯ ವಿನ್ಯಾಸಕಾರ ಗೊಣಗಿದ.

"ಒಂದ್ಸಲ ಹತ್ತಿ ಬನ್ನಿ ಸಾರ್, ಆಮೇಲೆ ಮಾತಾಡೋಣ."

ಆತ ಹತ್ತಲಿಲ್ಲ. ಪಟ್ಟಿ, ಕೊಂಡಿಗಳಿಗೆ ಒಪ್ಪಿಕೊಂಡ.

ತೊಳೆಯುವವರು ಮೊದಲ ಸಲ ಬಂದ ದಿನ ಅವಳು ಕೆಳಗೆ ನಿಂತು, ಕೊನೆಯವನು ನೆಲಕ್ಕೆ ಕಾಲಿಡುವವರೆಗೂ ಕತ್ತೆತ್ತಿ ನೋಡುತ್ತಿದ್ದಳು.